ಮೆಡೂಸಾ ಮತ್ತು ಅಲಮೇಲಮ್ಮ

ಕಳೆದ ತಿಂಗಳು ತರಗತಿಯಲ್ಲಿ ಬಿ.ಎಂ.ಶ್ರೀಯವರ ‘ಅಶ್ವತ್ಥಾಮನ್’ ನಾಟಕದ ಪಾಠ ನಡೆದಿತ್ತು. 1929ರಲ್ಲಿ ಪ್ರಕಟವಾದ ಆ ಕೃತಿಯ ಹಿಂದೆ ಸೊಫೊಕ್ಲಿಸನ ‘ಏಜಾಕ್ಸ್’ ನಾಟಕವಿರುವುದನ್ನು ವಿದ್ಯಾರ್ಥಿಗಳಿಗೆ ಹೇಳದೆ ಮುಂದುವರಿಯುವಂತಿಲ್ಲ. ದೇವತೆಗಳ ನೆರವು ತನಗೆ ಬೇಡವೆಂದು ಗರ್ವದಿಂದ ನುಡಿದ ವೀರನೊಬ್ಬ ಅಥೀನಾ ದೇವಿಯ ಮುನಿಸಿಗೆ ಸಿಕ್ಕಿ ಮತಿಗೆಟ್ಟ ಕಥೆ ಅದು. ಅದನ್ನು ವಿವರಿಸುತ್ತ, ಅದೇ ದೇವಿಯ ಮುನಿಸಿಗೆ ಗುರಿಯಾಗಿ ರಕ್ಕಸಿಯಾದ ಮೆಡೂಸಾ ಎಂಬವಳ ಹೆಸರನ್ನೂ ಮಾತಿನ ಭರದಲ್ಲಿ ಹೇಳಿಬಿಟ್ಟೆ. ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. “ಸರ್, ಏಜಾಕ್ಸ್ ಗರ್ವಪಟ್ಟ, ಶಿಕ್ಷೆಯಾಯಿತು. ಮೆಡೂಸಾ ಮಾಡಿದ ತಪ್ಪೇನು?” ಎಂದಳು. ಅಷ್ಟರಲ್ಲಿ ಗಂಟೆ ಬಾರಿಸಿತು. ಮುಂದಿನ ತರಗತಿಯಲ್ಲಿ ಹೇಳುವೆನೆಂದು ಪುಸ್ತಕ ಮಡಿಚಿ ಹೊರಬಂದೆ. ಗಂಟೆ ಬಾರಿಸದಿದ್ದರೂ ಅಂದು ನನ್ನ ಬಳಿ ಉತ್ತರವಿರಲಿಲ್ಲ ಎಂಬುದನ್ನು ಓದುಗರ ಮುಂದೆ ಒಪ್ಪಿಕೊಳ್ಳುವುದರಲ್ಲಿ ಸಂಕೋಚವಿಲ್ಲ.

ಮೆಡೂಸಾಳ ಕಥೆ ಒಂದೇ ರೀತಿಯದಲ್ಲ. ಪ್ರಾಚೀನನಾದ ಹೆಸಿಯೊಡ್ ಕವಿ ಹೇಳುವಂತೆ ಗೊರ್ಗನ್ನರೆಂಬ ಮೂವರು ಸೋದರಿಯರಲ್ಲಿ ಇಬ್ಬರು ಅಮರರು. ಮೆಡೂಸಾ ಒಬ್ಬಳೇ ಸಾವುಳ್ಳವಳು. ಸಮುದ್ರರಾಜ ಪೊಸೈಡನ್ ವಸಂತದ ಹೂಗಳ ನಡುವೆ ಅವಳನ್ನು ಕೂಡಿದನೆಂದು ಹೇಳಿ, ಅವಳ ಪಾಲಿಗೆ ಬಂದದ್ದು ದುಃಖವೆಂದು ಆ ಕವಿ ಚುಟುಕಾಗಿ ಮುಗಿಸುತ್ತಾನೆ. ಎಷ್ಟೋ ಶತಮಾನಗಳ ಅನಂತರ ಲ್ಯಾಟಿನ್ ಕವಿ ಓವಿಡ್ ಅದೇ ಕಥೆಯನ್ನು ಬಿಡಿಸಿ ಹೇಳಿದ. ಅವನ ಮೆಡೂಸಾ ಚೆಲುವೆ. ಅವಳ ಚೆಲುವಿನಲ್ಲೆಲ್ಲ ಮೇಲಾದದ್ದು ಅವಳ ಕೇಶರಾಶಿ. ಸಮುದ್ರರಾಜ ಅವಳನ್ನು ಬಲಾತ್ಕಾರದಿಂದ ಕೆಡಿಸಿದ್ದು ಅಥೀನಾ ದೇವಿಯ ಗುಡಿಯೊಳಗೆ. ದೇವಿ ಮುಖ ಮರೆಸಿಕೊಂಡಳು. ಬಳಿಕ ಶಿಕ್ಷೆ ವಿಧಿಸಿದಳು. ಶಿಕ್ಷೆ ಸಮುದ್ರರಾಜನಿಗಲ್ಲ, ಕೆಟ್ಟವಳಿಗೆ. ಕೂದಲೆಲ್ಲ ಹಾವಾಯಿತು, ಅವಳ ಮೋರೆ ಕಂಡವರು ಕಲ್ಲಾಗುವಂತಾಯಿತು.

ಮುಂದಿನ ಭಾಗ ಎಲ್ಲರಿಗೂ ಗೊತ್ತಿರುವುದೇ. ಪರ್ಸಿಯಸ್ ಎಂಬ ತರುಣ ಗುರಾಣಿಯಲ್ಲಿ ಅವಳ ಪ್ರತಿಬಿಂಬ ನೋಡುತ್ತ ನಡೆದು, ಮಲಗಿ ನಿದ್ರಿಸುತ್ತಿದ್ದವಳ ತಲೆಯನ್ನು ಕಡಿದ. ಆ ಮೇಲೆ ಆ ತಲೆಯನ್ನು ಚೀಲದಲ್ಲಿಟ್ಟುಕೊಂಡು ತಿರುಗಿ, ಬೇಕಾದಾಗ ಹೊರತೆಗೆದು ತನಗಾಗದವರನ್ನು ಕಲ್ಲಾಗಿಸಿದ. ಕಡೆಗೆ ಅದನ್ನು ಅಥೀನಾ ದೇವಿಗೇ ಒಪ್ಪಿಸಿದ. ದೇವಿ ಅದನ್ನು ತನ್ನ ಗುರಾಣಿಗೆ ತೊಡಿಸಿಕೊಂಡಳು. ಕೆಟ್ಟ ದೃಷ್ಟಿ ತಾಕದಿರಲೆಂದು ಗ್ರೀಕರು ಆ ಮೋರೆಯನ್ನು ಗುಡಿಗಳ ಮೇಲೆ, ಗುರಾಣಿಗಳ ಮೇಲೆ ಬಿಡಿಸಿದರು. ಕಟ್ಟುತ್ತಿರುವ ಮನೆಯ ಮುಂದೆ ನಾವು ಕೋರೆದಾಡೆಯ ದೃಷ್ಟಿಬೊಂಬೆ ತೂಗುಹಾಕುವುದಿಲ್ಲವೆ, ಹಾಗೆ. ಸತ್ತ ತಂಗಿಗಾಗಿ ಅಕ್ಕ ಅತ್ತ ಅಳುವನ್ನು ಕೇಳಿದ ಅಥೀನಾ ಅದನ್ನು ಅನುಕರಿಸಿ ಕೊಳಲಿನ ಒಂದು ರಾಗವನ್ನೇ ಹೊಸೆದಳೆಂದು ಪಿಂಡಾರ್ ಎಂಬ ಕವಿ ಹೇಳುತ್ತಾನೆ. ಅವಳ ತಲೆ ಆಯುಧವಾಯಿತು, ಅವಳ ಮನೆಯವರ ಅಳು ಸಂಗೀತವಾಯಿತು. ಅವಳಿಗೆ ನ್ಯಾಯವೊಂದು ಆಗಲಿಲ್ಲ. ಮೆಡೂಸಾ ಎಂಬ ಪದಕ್ಕೆ ಗ್ರೀಕ್ ಭಾಷೆಯಲ್ಲಿ ‘ಕಾಯುವವಳು, ಆಳುವವಳು’ ಎಂದು ಅರ್ಥ. ಹೆಸರು ಇಟ್ಟವರ ಮನಸ್ಸಿನಲ್ಲಿ ಅವಳು ರಕ್ಕಸಿಯಾಗಿರಲಿಲ್ಲ.

ಈ ಯೋಚನೆಯಲ್ಲಿಯೇ ಆ ಶನಿವಾರ ಊರಿಗೆ ಹೊರಟೆ. ನನ್ನ ಹುಟ್ಟೂರು ತಿರುಮಕೂಡಲು ನರಸೀಪುರ ತಾಲ್ಲೂಕಿನ ಮೂಗೂರು. ತ್ರಿಪುರಸುಂದರಿ ಅಮ್ಮನವರ ಜಾತ್ರೆಯಿಂದ ಸುತ್ತಣ ಸೀಮೆಗೆಲ್ಲ ಪರಿಚಿತವಾದ ಊರು. ಬಸ್ಸು ನರಸೀಪುರದಲ್ಲಿ ನಿಂತಾಗ ಕಾವೇರಿಯೂ ಕಪಿಲೆಯೂ ಕೂಡುವ ಕಡೆ ಕಣ್ಣು ಹಾಯಿತು. ಆ ನೀರು ಮುಂದೆ ಹರಿದು ಸೇರುವುದು ತಲಕಾಡಿಗೆ. ಆಗ ನನಗೆ ಹೊಳೆಯಿತು: ನೋಡಿದವರನ್ನು ಕಲ್ಲಾಗಿಸಿದ ಹೆಣ್ಣಿನ ಕಥೆಗಾಗಿ ನಾನು ಗ್ರೀಸ್ ದೇಶದವರೆಗೆ ಹೋಗಬೇಕಾಗಿರಲಿಲ್ಲ, ಊರಿಗೆ ಊರನ್ನೇ ಮರಳಾಗಿಸಿದಳೆಂದು ನಾವು ಹೇಳುವ ಹೆಣ್ಣು ನಮ್ಮ ತಾಲ್ಲೂಕಿನಲ್ಲಿಯೇ ಇದ್ದಾಳೆ.

ಅಲಮೇಲಮ್ಮನ ಕಥೆಯನ್ನು ಕೇಳದೆ ನಮ್ಮ ಕಡೆಯ ಮಕ್ಕಳು ಬೆಳೆಯುವುದಿಲ್ಲ. ಹೊಳೆಯ ಬಳಿ ಹೋದರೆ ಮಾಲಂಗಿಯ ಮಡುವಿನವಳು ಎಳೆದುಕೊಳ್ಳುವಳೆಂದು ನನ್ನಜ್ಜಿ ಹೆದರಿಸುತ್ತಿದ್ದರು. ಆಕೆಯ ಮುತ್ತಿನ ಮೂಗುತಿಯ ವಿಷಯ ಕೇಳಿ, ನಮ್ಮೂರಿಗೆ ಮೂಗೂರೆಂಬ ಹೆಸರು ಬಂದದ್ದು ಅದರಿಂದಲೇ ಎಂದು ನಾನು ಬಹುಕಾಲ ನಂಬಿದ್ದೆ. ಅದು ಹುಡುಗತನದ ವ್ಯುತ್ಪತ್ತಿ, ಎಂ.ಎ. ಓದುವಾಗ ನಾಚಿಕೊಂಡು ಅದನ್ನು ಕೈಬಿಟ್ಟೆ.

ಜನ ಹೇಳುವ ಕಥೆ ಹೀಗಿದೆ. ವಿಜಯನಗರದ ಪ್ರತಿನಿಧಿಯಾಗಿ ಶ್ರೀರಂಗಪಟ್ಟಣವನ್ನು ಆಳುತ್ತಿದ್ದ ಶ್ರೀರಂಗರಾಯ ರೋಗಪೀಡಿತನಾಗಿ, ವೈದ್ಯೇಶ್ವರನ ಸೇವೆಗೆಂದು ತಲಕಾಡಿಗೆ ಬಂದು ಅಲ್ಲಿ ತೀರಿಕೊಂಡ. 1610ರಲ್ಲಿ ಶ್ರೀರಂಗಪಟ್ಟಣ ಮೈಸೂರಿನ ರಾಜ ಒಡೆಯರ ವಶವಾಯಿತು. ರಾಯನ ಮಡದಿ ಅಲಮೇಲಮ್ಮ ತನ್ನ ಒಡವೆಗಳೊಡನೆ ಮಾಲಂಗಿಯಲ್ಲಿ ಉಳಿದಳು. ಆ ಒಡವೆಗಳನ್ನು ಮಂಗಳವಾರ, ಶುಕ್ರವಾರಗಳಂದು ಶ್ರೀರಂಗಪಟ್ಟಣದ ರಂಗನಾಯಕಿ ಅಮ್ಮನವರಿಗೆ ತೊಡಿಸುವ ರೂಢಿಯಿತ್ತು. ಆ ನೆವದಿಂದ ಅವುಗಳಿಗೆ ಕರೆ ಹೋಯಿತು. ಅವಳು ಮುತ್ತಿನ ಮೂಗುತಿಯೊಂದನ್ನು ಕಳುಹಿಸಿಕೊಟ್ಟಳು. ಅಷ್ಟಕ್ಕೆ ತೃಪ್ತಿಯಾಗದೆ ಉಳಿದುದಕ್ಕಾಗಿ ದಂಡು ಬಂದಿತು. ಅವಳು ಒಡವೆಗಳನ್ನು ಮಡಿಲಿಗೆ ಕಟ್ಟಿಕೊಂಡು, ತಲಕಾಡು ಮರಳಾಗಲೆಂದೂ ಮಾಲಂಗಿ ಮಡುವಾಗಲೆಂದೂ ಮೈಸೂರಿನ ದೊರೆಗಳಿಗೆ ಸಂತಾನವಿಲ್ಲದೆ ಹೋಗಲೆಂದೂ ಶಪಿಸಿ ಕಾವೇರಿಗೆ ಹಾರಿದಳು.

ಇದರಲ್ಲಿ ಚರಿತ್ರೆಯೆಷ್ಟು, ಐತಿಹ್ಯವೆಷ್ಟು ಎಂಬ ವಿಚಾರದಲ್ಲಿ ಹಿರಿಯರು ಸಾಕಷ್ಟು ಬರೆದಿದ್ದಾರೆ. ಅಂದು ಶ್ರೀರಂಗಪಟ್ಟಣದಲ್ಲಿದ್ದ ಪ್ರತಿನಿಧಿಯನ್ನು ಇತಿಹಾಸಕಾರರು ತಿರುಮಲರಾಯನೆಂದು ಹೆಸರಿಸುತ್ತಾರೆ. ಶ್ರೀರಂಗರಾಯನೆಂಬುದು ಜನರ ಬಾಯಿಯ ಮಾತು. ನನ್ನ ಪ್ರಶ್ನೆ ಅದಲ್ಲ. ಈ ನಾಲ್ಕು ಶತಮಾನ ನಾವು ಆ ಕಥೆಯನ್ನು ಯಾವ ಬಗೆಯಲ್ಲಿ ಹೇಳಿಕೊಂಡು ಬಂದಿದ್ದೇವೆ, ಅದರಲ್ಲಿ ಯಾವುದನ್ನು ಹುಡುಕಿದ್ದೇವೆ ಎಂಬುದು ನನ್ನ ಪ್ರಶ್ನೆ.

ನಮ್ಮಲ್ಲಿ ಎರಡು ಪಕ್ಷಗಳಿವೆ. ಮೊದಲನೆಯದು ಶಾಪವನ್ನು ನಂಬುವ ಪಕ್ಷ. ಗಂಗರ ರಾಜಧಾನಿಯಾಗಿ, ಚೋಳರ ಕೈಸೇರಿ, ವಿಷ್ಣುವರ್ಧನನಿಗೆ ‘ತಲಕಾಡುಗೊಂಡ’ನೆಂಬ ಬಿರುದು ತಂದ ಊರು ಮರಳಿನಡಿ ಹೋದದ್ದು ಸುಳ್ಳೆ ಎಂದು ಅವರು ಕೇಳುತ್ತಾರೆ. ಪಾತಾಳೇಶ್ವರ, ಮರಳೇಶ್ವರರ ದರ್ಶನಕ್ಕೆ ಇಂದಿಗೂ ಮರಳಿನ ಮಡಿಲಿಗೆ ಇಳಿದು ಹೋಗಬೇಕು. 1117ರ ಕೀರ್ತಿನಾರಾಯಣ ದೇವಾಲಯವನ್ನು ಮರಳು ತೋಡಿಯೇ ಬೆಳಕಿಗೆ ತರಬೇಕಾಯಿತು. ಸಂತಾನದ ವಿಷಯಕ್ಕೂ ಅವರಲ್ಲಿ ಪಟ್ಟಿಯಿದೆ. ರಾಜ ಒಡೆಯರ ಅನಂತರ 1617ರಲ್ಲಿ ಪಟ್ಟಕ್ಕೆ ಬಂದವರು ಮೊಮ್ಮಗ. ನಾಲ್ವಡಿ ಕೃಷ್ಣರಾಜ ಒಡೆಯರ ಅನಂತರ 1940ರಲ್ಲಿ ಬಂದವರು ತಮ್ಮನ ಮಗ. ಶ್ರೀಕಂಠದತ್ತ ನರಸಿಂಹರಾಜ ಒಡೆಯರು ಮಕ್ಕಳಿಲ್ಲದೆ 2013ರಲ್ಲಿ ತೀರಿಕೊಂಡು, 2015ರಲ್ಲಿ ದತ್ತು ಸ್ವೀಕಾರವಾಯಿತು.

ಎರಡನೆಯದು ವಿಚಾರವಾದಿಗಳ ಪಕ್ಷ. ತಲಕಾಡಿನ ಬಳಿ ಕಾವೇರಿ ಬಳುಕಿ ತಿರುಗುತ್ತದೆ. ನೀರಿಳಿದಾಗ ಬಯಲಾದ ಮರಳನ್ನು ಮುಂಗಾರಿನ ಗಾಳಿ ಊರಿನ ಮೇಲೆ ಹೊತ್ತು ಹಾಕುತ್ತದೆ. ಹೊಳೆಯ ಮೇಲ್ಭಾಗದಲ್ಲಿ ವಿಜಯನಗರದ ಕಾಲದ ಮಾಧವಮಂತ್ರಿ ಕಟ್ಟೆಯಿದೆ. ಆ ಕಟ್ಟೆಯಿಂದ ಹರಿವು ಬದಲಾದದ್ದೇ ಈ ಅನಾಹುತಕ್ಕೆ ಮೂಲವೆಂದು ಕೃಷಿವಿಜ್ಞಾನಿಯೂ ಕಾದಂಬರಿಕಾರರೂ ಆದ ಕೆ.ಎನ್. ಗಣೇಶಯ್ಯನವರು 2007ರಲ್ಲಿ ಪ್ರಕಟಿಸಿದ ಲೇಖನದಲ್ಲಿ ವಾದಿಸಿದ್ದಾರೆ. ವಂಶಾವಳಿಯಲ್ಲಿಯೂ ಶಾಪ ನಿಲ್ಲುವುದಿಲ್ಲ. ಚಿಕ್ಕದೇವರಾಜ ಒಡೆಯರ ಅನಂತರ 1704ರಲ್ಲಿ ಬಂದವರು ಮಗ. ಆ ಮಗನ ಅನಂತರ 1714ರಲ್ಲಿ ಬಂದವರೂ ಮಗನೇ. ಚಾಮರಾಜೇಂದ್ರ ಒಡೆಯರ ಮಗನೇ ನಾಲ್ವಡಿಯವರು.

ವಿದ್ಯೆಯ ದೃಷ್ಟಿಯಿಂದ ನಾನು ಈ ಎರಡನೆಯ ಪಕ್ಷದವನು. ಗಾಳಿಯ ಕೆಲಸವನ್ನು ಹೆಣ್ಣಿನ ಮೇಲೆ ಹೊರಿಸುವುದು ನನಗೆ ಒಪ್ಪಿಗೆಯಿಲ್ಲ. ಆದರೆ ಬರಬರುತ್ತ ನನಗೆ ತೋರಿದ್ದು ಇದು: ಈ ಎರಡು ಪಕ್ಷಗಳೂ ಒಂದೇ ಕಡೆ ನಿಂತು ಜಗಳವಾಡುತ್ತಿವೆ. ಒಬ್ಬರು ಶಾಪ ಫಲಿಸಿತೆನ್ನುತ್ತಾರೆ, ಇನ್ನೊಬ್ಬರು ಫಲಿಸಲಿಲ್ಲವೆನ್ನುತ್ತಾರೆ. ಶಾಪಕ್ಕೆ ಮೊದಲು ಒಂದು ದೂರು ಇತ್ತೆಂಬುದನ್ನು ಇಬ್ಬರೂ ಮರೆತಿದ್ದಾರೆ. ಒಡವೆ ಯಾರದು? ಗಂಡ ಸತ್ತ ಹೆಣ್ಣಿನಿಂದ ಅದನ್ನು ಕೇಳಿದ್ದು ಯಾವ ಅಧಿಕಾರದಿಂದ? ಮೂಗುತಿ ಕೊಟ್ಟ ಮೇಲೂ ದಂಡು ಬಂದದ್ದೇಕೆ? ತಲಕಾಡಿನ ಮರಳನ್ನು ಗಾಳಿ ತಂದಿತೆಂದು ಸಿದ್ಧವಾದರೆ ಮರಳಿನ ಪ್ರಶ್ನೆಗೆ ಉತ್ತರ ಸಿಕ್ಕಿತು. ಅವಳ ಪ್ರಶ್ನೆಗೆ ಸಿಗಲಿಲ್ಲ. ಮರಳು ಬಿದ್ದಿದ್ದರೆ ಮಾತ್ರ ಅವಳ ಮಾತು ನಿಜ, ಇಲ್ಲವಾದರೆ ಅದು ಹುಸಿ ಎಂಬುದು ಯಾವ ನ್ಯಾಯ?

ಅರಮನೆಯವರು ಅಲಮೇಲಮ್ಮನ ವಿಗ್ರಹವನ್ನಿಟ್ಟು ಪೂಜಿಸುತ್ತ ಬಂದಿರುವುದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಗ್ರೀಕರು ಮೆಡೂಸಾಳ ತಲೆಯನ್ನು ಗುರಾಣಿಗೆ ತೊಡಿಸಿದರು. ನಮ್ಮವರು ನೊಂದವಳನ್ನು ದೇವರ ಮನೆಗೆ ಕರೆತಂದರು. ಒಂದು ಋಣ ಉಳಿದಿದೆಯೆಂಬ ಅಳುಕಾದರೂ ಇದರಲ್ಲಿದೆ. ಆದರೆ ಪೂಜೆ ಸಲ್ಲುವುದು ಅವಳ ಕೋಪ ತಣಿಯಲೆಂದು. ಅವಳ ದೂರನ್ನು ಆಲಿಸಲೆಂದಲ್ಲ. 1610ರಲ್ಲಿಯೇ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರೆಯನ್ನು ಆರಂಭಿಸಿದರು. ಆ ಉತ್ಸವದ ವೈಭವ ಜಗತ್ತಿಗೆಲ್ಲ ಗೊತ್ತು. ಅದೇ ಗೆಲವಿನ ಇನ್ನೊಂದು ಮಗ್ಗುಲಾದ ಈ ಹೆಣ್ಣನ್ನು ಮಾತ್ರ ನಾವು ಮಕ್ಕಳನ್ನು ಹೊಳೆಯಿಂದ ದೂರವಿಡಲು ಬಳಸಿಕೊಂಡೆವು.

ಶಾಪವೆಂದರೇನು? ನಮ್ಮ ಹಳ್ಳಿಗಳಲ್ಲಿ ಇದಕ್ಕೊಂದು ಕ್ರಮವಿದೆ. ಬೊಗಸೆಯಲ್ಲಿ ಹಿಡಿ ಮಣ್ಣು ತೆಗೆದುಕೊಂಡು, ಅನ್ಯಾಯ ಮಾಡಿದವರ ಮನೆಯತ್ತ ತೂರಿ, ಹಾಳಾಗಿ ಹೋಗಲೆನ್ನುತ್ತಾರೆ. ತಲಕಾಡಿನ ಕಥೆಯಲ್ಲಿರುವುದು ಇದೇ ಹಿಡಿ ಮಣ್ಣು ಎಂದು ನನಗೆ ತೋರುತ್ತದೆ. ರಾಣಿಯಾದುದರಿಂದ ಕಥೆ ಅವಳ ಕೈಗೆ ಊರು ಮುಚ್ಚುವಷ್ಟು ಮರಳನ್ನು ಕೊಟ್ಟಿತು. ದಂಡು ಇದ್ದವರು ದಂಡು ಕಳುಹಿಸುತ್ತಾರೆ, ಹಣವಿದ್ದವರು ವಕೀಲರನ್ನಿಡುತ್ತಾರೆ. ಮಣ್ಣು ತೂರುವವರು ಬೇರೆ ಯಾವ ಕಟ್ಟೆಯಲ್ಲಿಯೂ ತಮ್ಮ ಮಾತು ನಡೆಯದೆಂದು ತಿಳಿದವರು. ಶಾಪವು ನ್ಯಾಯಸ್ಥಾನವಿಲ್ಲದವರ ಅರ್ಜಿ.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ನಮ್ಮ ಬೀದಿಯ ಕೊನೆಯಲ್ಲಿ ನನ್ನ ತಾತನ ತಮ್ಮನ ಹೆಂಡತಿ ಇದ್ದರು. ನಾವು ಚಿಕ್ಕಜ್ಜಿ ಎನ್ನುತ್ತಿದ್ದೆವು; ಆದರೆ ಎದುರಿಗೆ ಅಲ್ಲ, ಏಕೆಂದರೆ ಎದುರಿಗೆ ನಾವು ಸುಳಿಯುತ್ತಲೇ ಇರಲಿಲ್ಲ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ಕೆದರಿದ ತಲೆ, ಕೆಂಪೇರಿದ ಕಣ್ಣು. ಜಾತ್ರೆಯ ದಿನ ಹೊಸ ಬಟ್ಟೆ ತೊಟ್ಟು ಹೊರಟ ನಮ್ಮನ್ನು ಮನೆಯವರು ಆ ಕಡೆಯ ದಾರಿಯಲ್ಲಿ ಕಳುಹಿಸುತ್ತಿರಲಿಲ್ಲ; ಅವರ ಕಣ್ಣು ಕೆಟ್ಟದ್ದೆಂದು ಹೇಳುತ್ತಿದ್ದರು. ಒಮ್ಮೆ ನಮ್ಮ ಮನೆಯ ಮುಂದೆಯೇ ನಿಂತು ಮಣ್ಣು ತೂರಿದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. “ನನ್ನ ಮಣ್ಣು ತಿಂದೋರ ಬಾಯಿಗೆ ಮಣ್ಣು ಬೀಳ” ಎಂದರು. ನನ್ನಜ್ಜಿ ಒಳಗಿನಿಂದ ಓಡಿ ಬಂದು ನನ್ನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಾಗಿಲು ಹಾಕಿದರು. ಮಾರನೆಯ ದಿನ ಹೊಸ್ತಿಲಿಗೆ ನಿಂಬೆಹಣ್ಣು ಕುಯ್ದು ಇಟ್ಟದ್ದನ್ನೂ ಕಂಡೆ.

ಚಿಕ್ಕಜ್ಜಿ ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ, ಖಾತೆ ಬದಲಾವಣೆಗೆಂದು ಮನೆಯ ಕಾಗದಪತ್ರಗಳನ್ನು ನಾನು ಜೋಡಿಸಬೇಕಾಯಿತು. ಹಳೆಯ ಪಹಣಿಯಲ್ಲಿ ಒಂದು ಗದ್ದೆಯ ಮುಂದೆ ತಾತನ ತಮ್ಮನ ಹೆಸರಿತ್ತು. ಅನಂತರದ ಪಹಣಿಯಲ್ಲಿ ಆ ಹೆಸರಿರಲಿಲ್ಲ, ತಾತನ ಹೆಸರಿತ್ತು. ನಡುವೆ ಒಂದು ಕಾಗದವೂ ಇಲ್ಲ. ಹೆಂಗಸಿಗೇಕೆ ಹೊಲಗದ್ದೆಯ ತಾಪತ್ರಯ, ಹೊತ್ತು ಹೊತ್ತಿಗೆ ಕಾಳು ಕೊಡುತ್ತಿದ್ದೆವಲ್ಲ ಎಂದು ಮನೆಯ ಹಿರಿಯರೊಬ್ಬರು ಹೇಳಿದರು. ಕೊಡುತ್ತಿದ್ದುದೂ ನಿಜವೇ. ಆ ಗದ್ದೆಯ ಭತ್ತ ಮಾರಿದ ಹಣದಲ್ಲಿ ನನ್ನ ಮೈಸೂರಿನ ಓದು ನಡೆಯಿತು ಎಂಬುದೂ ನಿಜ. ಅಂದರೆ ಶಾಪ ನನಗೂ ಸೇರಿತ್ತು. ನಾನು ಸುಖವಾಗಿಯೇ ಇದ್ದೇನೆ. ಶಾಪ ಫಲಿಸುವುದಿಲ್ಲವೆಂಬ ವಿಚಾರವಾದದಿಂದ ನನಗೆ ಎಷ್ಟು ಅನುಕೂಲವಾಯಿತೆಂಬುದು ಆ ದಿನ ಅರ್ಥವಾಯಿತು.

ಆ ಕಾಲದಲ್ಲಿ ಕಾನೂನೇ ಇರಲಿಲ್ಲವೆನ್ನುವಂತೆಯೂ ಇಲ್ಲ. 1933ರಷ್ಟು ಹಿಂದೆಯೇ ಮೈಸೂರು ಸಂಸ್ಥಾನ ಹಿಂದೂ ಸ್ತ್ರೀಯರ ಹಕ್ಕುಗಳಿಗಾಗಿ ಕಾಯಿದೆ ಮಾಡಿತ್ತು. 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದಿತು. 1994ರಲ್ಲಿ ಕರ್ನಾಟಕದ ತಿದ್ದುಪಡಿ ಅವಿವಾಹಿತ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟಿತು; 2005ರಲ್ಲಿ ಇಡೀ ದೇಶ ಮಗಳನ್ನು ಮಗನ ಸರಿಸಮಕ್ಕೆ ನಿಲ್ಲಿಸಿತು; ಅದು ಹುಟ್ಟಿನಿಂದಲೇ ಬರುವ ಹಕ್ಕೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಹೀಗಿರುವಾಗ ಇಂದು ಏನು ನಡೆಯುತ್ತಿದೆ? ಯಾವ ಉಪನೋಂದಣಿ ಕಚೇರಿಗಾದರೂ ಹೋಗಿ ನೋಡಬಹುದು. ಅಕ್ಕತಂಗಿಯರು ಒಳ್ಳೆಯ ಸೀರೆಯುಟ್ಟು ಬಂದು, ಅಣ್ಣತಮ್ಮಂದಿರ ಪರವಾಗಿ ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟೊತ್ತಿ, ಹೋಟೆಲಿನಲ್ಲಿ ಊಟ ಮಾಡಿ, ಅರಿಸಿನ ಕುಂಕುಮ ಪಡೆದು ಹಿಂದಿರುಗುತ್ತಾರೆ. ದಂಡು ಬರುವುದಿಲ್ಲ. ಮೂಗುತಿಯೊಂದಿಗೆ ಉಳಿದ ಒಡವೆಯನ್ನೂ ಅವರಾಗಿಯೇ ಬಿಚ್ಚಿಕೊಡುತ್ತಾರೆ.

ನನ್ನ ತಂಗಿಯೂ ಹಾಗೆ ಸಹಿ ಹಾಕಿದವಳೇ. ನಾನು ಕೇಳಲಿಲ್ಲ, ಅವಳೇ ಕೊಟ್ಟಳು ಎಂಬುದು ನಮ್ಮ ಮನೆಯಲ್ಲಿ ಹೆಮ್ಮೆಯಿಂದ ಹೇಳುವ ಮಾತು. ಆ ಭಾನುವಾರ ಅವಳಿಗೆ ಫೋನು ಮಾಡಿ, ನಿನ್ನ ಭಾಗದ ವಿಷಯ ಮತ್ತೆ ಮಾತಾಡೋಣವೆಂದೆ. ಅವಳು ನಕ್ಕು, “ಬಿಡಣ್ಣ, ನಂಗೆ ತವರು ಒಂದಿದ್ರೆ ಸಾಕು” ಎಂದಳು. ಆ ಮಾತಿನ ಒಳಗೆ ಇನ್ನೊಂದು ಮಾತಿತ್ತು. ಭಾಗ ಕೇಳಿದರೆ ತವರು ಇರುವುದಿಲ್ಲವೆಂದು ಅವಳಿಗೆ ಗೊತ್ತಿದೆ. ಚಿಕ್ಕಜ್ಜಿಯ ಮನೆಯ ದಾರಿಯನ್ನು ಬಿಟ್ಟು ಜಾತ್ರೆಗೆ ನಡೆದವರಲ್ಲಿ ಅವಳೂ ಇದ್ದಳಲ್ಲವೆ? ಕೇಳಿದವಳಿಗೆ ಏನಾಗುತ್ತದೆಂಬ ಪಾಠವನ್ನು ನಾವಿಬ್ಬರೂ ಒಂದೇ ಬೀದಿಯಲ್ಲಿ ಕಲಿತವರು.

ಭಯಂಕರಿಯಾದ ಹೆಣ್ಣಿನ ಕಥೆಗಳು ನಡೆಸಿಕೊಂಡು ಬಂದಿರುವ ಕೆಲಸ ಇದೇ ಎಂಬುದು ನನ್ನ ಅಭಿಪ್ರಾಯ. ಅಲಮೇಲು ಎಂಬ ಹೆಸರಿನ ಮೊದಲಲ್ಲಿರುವುದು ‘ಅಲರ್’. ಹೂವೆಂಬ ಅರ್ಥದಲ್ಲಿ ಹಳಗನ್ನಡದಲ್ಲಿಯೂ ತಮಿಳಿನಲ್ಲಿಯೂ ಇರುವ ಪದ. ಅಲರ ಮೇಲೆ ಕುಳಿತವಳು, ಎಂದರೆ ಲಕ್ಷ್ಮಿ. ಕೊಡುತ್ತಿರುವವರೆಗೆ ಹೆಣ್ಣು ಲಕ್ಷ್ಮಿ. ತನ್ನದನ್ನು ತನ್ನದೆಂದ ದಿನ ಅವಳು ಮಾರಿ. ಮೆಡೂಸಾಳ ತಲೆಯ ಮೇಲಿನ ಹಾವುಗಳಾಗಲಿ, ಚಿಕ್ಕಜ್ಜಿಯ ಕೆಂಪು ಕಣ್ಣಾಗಲಿ ಅವರಿಗೆ ಹುಟ್ಟಿನಿಂದ ಬಂದವಲ್ಲ. ಅನ್ಯಾಯ ಮಾಡಿದ ಮೇಲೆ, ಅನ್ಯಾಯಕ್ಕೊಳಗಾದವರ ಮುಖ ನೋಡುವ ಧೈರ್ಯ ನಮಗಿರುವುದಿಲ್ಲ. ಆಗ ಆ ಮುಖವೇ ಕೆಟ್ಟದ್ದೆಂದು ಹೇಳುತ್ತೇವೆ. ಪರ್ಸಿಯಸ್ಸನಿಗೆ ಗುರಾಣಿಯ ಕನ್ನಡಿ ಬೇಕಾಯಿತು. ನಮಗೆ ನಿಂಬೆಹಣ್ಣು ಸಾಕಾಯಿತು.

ಹಾಗೆಂದು ಈ ಕಥೆಗಳನ್ನು ಬಿಟ್ಟುಬಿಡಬೇಕೆಂದು ನಾನು ಹೇಳುವುದಿಲ್ಲ. ಕನ್ನಡದ ಮೇಷ್ಟ್ರು ಕಥೆಗಳನ್ನು ಬಿಟ್ಟರೆ ಉಳಿಯುವುದೇನು? ತಲಕಾಡಿಗೆ ಮಕ್ಕಳನ್ನು ಕರೆದೊಯ್ಯುವ ಅಧ್ಯಾಪಕರು ಮರಳನ್ನು ತೋರಿಸಿ ಶಾಪ ಹೇಳಲಿ, ಗಾಳಿಯ ವಿಷಯವನ್ನೂ ಹೇಳಲಿ. ಬಳಿಕ ಒಡವೆ ಯಾರದಾಗಿತ್ತೆಂದು ಮಕ್ಕಳನ್ನೇ ಕೇಳಲಿ. ಮನೆಯಲ್ಲಿ ಅಜ್ಜಿಯರು ಕಥೆ ಹೇಳುವಾಗ ಮಡುವಿನ ಭಯಕ್ಕೆ ಮೊದಲು ಮೂಗುತಿಯ ಮಾತು ಬರಲಿ. ಹಕ್ಕು ಬಿಡುಗಡೆ ಪತ್ರವನ್ನು ಬರೆಯಿಸುವ ಮುನ್ನ ಅಣ್ಣನಾದವನು ತಂಗಿಯ ಮುಖವನ್ನು ಒಮ್ಮೆ ನೆಟ್ಟಗೆ ನೋಡಲಿ. ಕಲ್ಲಾಗುವ ಭಯವೇನೂ ಇಲ್ಲ.

ಸೋಮವಾರ ತರಗತಿಗೆ ಹೋದೆ. ಹಿಂದಿನ ಸಾಲಿನ ಹುಡುಗಿ ನನ್ನ ಉತ್ತರಕ್ಕಾಗಿ ಕಾಯುತ್ತಿದ್ದಳೋ ಇಲ್ಲವೋ ತಿಳಿಯದು. “ನಿನ್ನ ಪ್ರಶ್ನೆಗೆ ಉತ್ತರ ಇಷ್ಟೇ ಅಮ್ಮ, ಅವಳ ತಪ್ಪು ಏನೂ ಇರಲಿಲ್ಲ” ಎಂದೆ. ಆಮೇಲೆ ನಾಟಕದ ಪಾಠವನ್ನು ಬದಿಗಿರಿಸಿ, ಮಾಲಂಗಿಯ ಕಥೆಯನ್ನು ಮೂಗುತಿಯಿಂದ ಆರಂಭಿಸಿ ಹೇಳಿದೆ. ತಂಗಿಗೆ ಬರುವ ವಾರ ಊರಿಗೆ ಬರಲು ಹೇಳಿದ್ದೇನೆ. ಕಾಗದಗಳನ್ನು ಮೇಜಿನ ಮೇಲೆ ತೆಗೆದಿಟ್ಟಿದ್ದೇನೆ. ಅವಳ ಸಹಿಯಿರುವ ಪತ್ರದ ಜೊತೆಗೆ ಚಿಕ್ಕಜ್ಜಿಯ ಗಂಡನ ಹೆಸರಿರುವ ಆ ಹಳೆಯ ಪಹಣಿಯೂ ಇದೆ; ಚಿಕ್ಕಜ್ಜಿಗೆ ಒಬ್ಬಳು ಮಗಳಿದ್ದಾಳೆ, ನಂಜನಗೂಡಿನಲ್ಲಿ ಕೊಟ್ಟ ಮನೆಯಲ್ಲಿ.